ಕಲ್ಲಿನ ಮುಂದೆ ನಾಲ್ಕು ಕುರ್ಚಿ ಹಾಕಿ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಒಂದು ನಾಯಿಯ ಕಲ್ಲಿದೆ. ಮಂಡ್ಯ ಜಿಲ್ಲೆಯ ಮದ್ದೂರು ಕಡೆಯ ಆತಕೂರಿನಿಂದ ಬಂದದ್ದು. ಸಾವಿರ ವರ್ಷ ದಾಟಿದೆ, ಕ್ರಿ.ಶ. 949ರ ಆಸುಪಾಸಿನದು. ಒಂದು ನಾಯಿ, ಒಂದು ಕಾಡುಹಂದಿ ಕಾದಾಡುವ ಕೆತ್ತನೆ. ಜೊತೆಗೆ ಹಳಗನ್ನಡದ ಸಾಲುಗಳು. ನಮ್ಮ ನಾಡಿನ ವೀರಗಲ್ಲುಗಳಲ್ಲಿ ನನಗೆ ತೀರಾ ಇಷ್ಟವಾದದ್ದು ಇದೇ.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರ ಮೇಲೆ ದಂಡೆತ್ತಿ ಹೋದ. ತಕ್ಕೋಲದಲ್ಲಿ ದೊಡ್ಡ ಕಾಳಗವಾಯಿತು. ಅಲ್ಲಿ ಚೋಳರ ರಾಜಾದಿತ್ಯನನ್ನು ಕೊಂದವನು ಕೃಷ್ಣನ ಕಡೆಯಿದ್ದ ಗಂಗರ ಇಮ್ಮಡಿ ಬೂತುಗ. ಬೂತುಗನ ಬಳಿ ಮಣಲೆರ ಎಂಬ ವೀರನಿದ್ದ. ಅವನ ಹೋರಾಟ ನೋಡಿ ಬೂತುಗ ಮೆಚ್ಚಿದ, ಬೇಕಾದ್ದು ಕೇಳು ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಕೆಲಲೆನಾಡಿನ ಬೆಟ್ಟವೊಂದರಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಈ ಕಲ್ಲು ನಿಲ್ಲಿಸಿದರು. ಪೂಜೆ ನಡೀಬೇಕಲ್ಲ, ಅದಕ್ಕೆ ದೊಡ್ಡ ಕೆರೆಯ ಕೆಳಗೆ ಎರಡು ಕಂಡುಗ ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಗೊರವ, ಅಂದರೆ ಆಗಿನ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಅಂತಲೂ ಬರೆಸಿದ್ದಾರೆ.

ನಾನು ಈ ಕಲ್ಲಿನ ಹತ್ತಿರ ನಿಂತಾಗಲೆಲ್ಲ ಒಂದು ವಿಷಯ ಗಮನಿಸಿದ್ದೇನೆ. ಜನ ಬರ್ತಾರೆ, ನೋಡ್ತಾರೆ, ಫೋಟೋ ತೆಗೀತಾರೆ, ಮುಂದಕ್ಕೆ ಹೋಗ್ತಾರೆ. ಅವರ ತಪ್ಪಲ್ಲ. ಹಳಗನ್ನಡದ ಲಿಪಿ ಓದೋಕೆ ಬರಲ್ಲ, ಪಕ್ಕದ ಫಲಕದಲ್ಲಿ ಇಷ್ಟೆಲ್ಲ ಕಥೆಗೆ ಜಾಗವಿಲ್ಲ. ಯಾರಾದರೂ ನಿಂತು ಹೇಳಿದರೆ ಮಾತ್ರ ಇದು ತೆರೆದುಕೊಳ್ಳುತ್ತದೆ.

ಒಂದು ಭಾನುವಾರ ಹಾಗೆ ಹೇಳುವವರು ಸಿಕ್ಕಿದ್ದರು. ಶಾಸನಗಳ ಬಗ್ಗೆ ಆಸೆಯಿದ್ದ ಹತ್ತು ಹನ್ನೆರಡು ಜನರ ಗುಂಪು. ಹೇಳುತ್ತಿದ್ದವರು ಹಿರಿಯರು, ಮೇಷ್ಟ್ರಾಗಿದ್ದವರು ಅಂತ ಅವರ ದನಿಯಲ್ಲೇ ಗೊತ್ತಾಗುತ್ತಿತ್ತು. ನಾನೂ ಪಕ್ಕದಲ್ಲಿ ನಿಂತು ಕೇಳಿದೆ. ಎರಡು ಕಂಡುಗ ಭೂಮಿಯ ಮಾತು ಬಂದಾಗ ಒಬ್ಬ ಹುಡುಗಿ ಕೇಳಿದಳು: “ಸರ್, ಅದು ಎಷ್ಟು ಎಕರೆ?” ಮೇಷ್ಟ್ರು ಸ್ವಲ್ಪ ಯೋಚಿಸಿ, ಇಂತಿಷ್ಟೇ ಅಂತ ಹೇಳೋದು ಕಷ್ಟ ಎಂದರು. ಆಗ ಹಿಂದೆ ನಿಂತಿದ್ದ ಒಬ್ಬರು ಬಾಯಿಬಿಟ್ಟರು. ಬಿಳಿ ಪಂಚೆ, ಕೈಯಲ್ಲೊಂದು ಬಟ್ಟೆ ಚೀಲ. ಮಗಳ ಮನೆಗೆ ಅಂತ ಬಂದಿದ್ದವರನ್ನು ಮೊಮ್ಮಗ ಮ್ಯೂಸಿಯಂ ತೋರಿಸೋಕೆ ಕರೆದುಕೊಂಡು ಬಂದಿದ್ದ.

“ಎಕರೆ ಲೆಕ್ಕ ಎಲ್ಲಿತ್ತು ಸಾ ಆಗ? ಬಿತ್ತನೆ ಲೆಕ್ಕ. ಇಪ್ಪತ್ತು ಕೊಳಗಕ್ಕೆ ಒಂದು ಕಂಡುಗ. ಒಂದು ಕಂಡುಗ ಬೀಜ ಎಷ್ಟು ಜಾಗಕ್ಕೆ ಹಿಡೀತದೋ ಅಷ್ಟೂ ಕಂಡುಗದ ಭೂಮಿ. ಗದ್ದೆಗೆ ಭತ್ತ ಜಾಸ್ತಿ ಬೇಕು, ಹೊಲಕ್ಕೆ ರಾಗಿ ಕಮ್ಮಿ ಸಾಕು. ಅದ್ಕೇ ಕಂಡುಗದ ಗದ್ದೆಗಿಂತ ಕಂಡುಗದ ಹೊಲ ದೊಡ್ದು.”

ಇಷ್ಟು ಹೇಳಿ ಸುಮ್ಮನಾಗಲಿಲ್ಲ. ಕೆರೆ ಕೆಳಗಿನ ಭೂಮಿ ಅಂದ್ರಲ್ಲ ಅಂತ ಮೇಷ್ಟ್ರನ್ನು ಮತ್ತೆ ಕೇಳಿ ಖಾತ್ರಿ ಮಾಡಿಕೊಂಡರು. “ಹಂಗಾದ್ರೆ ನೀರಾವರಿ ಗದ್ದೆ. ಊರಲ್ಲಿ ಅದಕ್ಕಿಂತ ಒಳ್ಳೇ ಜಮೀನು ಇರಕ್ಕಿಲ್ಲ. ಆ ನಾಯಿಗೆ ಒಳ್ಳೇದನ್ನೇ ಕೊಟ್ಟವ್ರೆ.”

ಎಲ್ಲರೂ ಒಮ್ಮೆ ಕಲ್ಲಿನ ಕಡೆ ತಿರುಗಿದರು. ನನಗಂತೂ ಮೈ ಜುಮ್ಮೆಂದಿತು. ಅಲ್ಲಿಯವರೆಗೆ ‘ಎರಡು ಕಂಡುಗ’ ಅನ್ನೋದು ನನ್ನ ಪಾಲಿಗೆ ಶಾಸನದಲ್ಲಿ ಬರುವ ಒಂದು ಸಂಖ್ಯೆ ಅಷ್ಟೇ. ದಾನ ಅಂದರೆ ಯಾವುದೋ ಮೂಲೆಯ ಬರಡು ನೆಲವನ್ನೂ ಬಿಟ್ಟುಕೊಡಬಹುದಿತ್ತು. ಕೆರೆ ನೀರು ಬರುವ ಗದ್ದೆಯನ್ನೇ ಬಿಟ್ಟಿದ್ದಾರೆ. ಆ ನಾಯಿಯ ಮೇಲೆ ಎಷ್ಟು ಪ್ರೀತಿ ಇತ್ತು ಅನ್ನೋದು ಉಳುಮೆ ಗೊತ್ತಿದ್ದ ಒಬ್ಬರಿಂದ ಅರ್ಥವಾಯಿತು. ಮೇಷ್ಟ್ರು ಕೈಮುಗಿದು, ಇದು ನನಗೆ ಹೊಳೆದಿರಲಿಲ್ಲ ಎಂದರು.

ಆದರೆ ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಅವರು ಮೊಮ್ಮಗನ ಕೈ ಹಿಡಿದು ಹೊರಟೇಹೋದರು. ಈ ಬರಹ ಬರೆಯುತ್ತಿರುವುದು ಆ ಸಂಕಟಕ್ಕೆ.

ಈ ಮ್ಯೂಸಿಯಂ ಶುರುವಾದದ್ದು 1865ರಲ್ಲಿ. ಮುಂದೆ ನಿಂತವರು ಮದ್ರಾಸ್ ಸೇನೆಯ ವೈದ್ಯ ಎಡ್ವರ್ಡ್ ಬಾಲ್ಫರ್. ಅದಕ್ಕೂ ಮೊದಲು 1851ರಲ್ಲಿ ಮದ್ರಾಸಿನ ಮ್ಯೂಸಿಯಂ ಕಟ್ಟಿದವರೂ ಅವರೇ. ಈಗಿನ ಕೆಂಪು ಕಟ್ಟಡ 1877ರದು. ಅದನ್ನು ವಿನ್ಯಾಸ ಮಾಡಿದ ರಿಚರ್ಡ್ ಸ್ಯಾಂಕಿಯ ಹೆಸರು ಬೆಂಗಳೂರಿನವರಿಗೆ ಸ್ಯಾಂಕಿ ಕೆರೆಯಿಂದ ಗೊತ್ತು. ಆ ಕಾಲದ ಮ್ಯೂಸಿಯಂ ಅಂದರೆ ವಸ್ತು ತಂದಿಡುವ ಜಾಗ. ಗೊತ್ತಿದ್ದವರು ಜೋಡಿಸಿಡ್ತಾರೆ, ಗೊತ್ತಿಲ್ಲದವರು ಬಂದು ನೋಡ್ತಾರೆ. ಆ ಏರ್ಪಾಡು ನಮ್ಮ ತಲೆಯಿಂದ ಇನ್ನೂ ಹೋಗಿಲ್ಲ. ಮ್ಯೂಸಿಯಂಗಳಲ್ಲಿ ಉಪನ್ಯಾಸ ಏರ್ಪಡಿಸಿದಾಗಲೂ ಅದೇ ನಡೆಯುತ್ತದೆ. ಮೇಲೆ ಒಬ್ಬರು ಮಾತಾಡ್ತಾರೆ, ಕೆಳಗೆ ನಾವು ಕೇಳ್ತೀವಿ. ಕೊನೆಗೆ ಟೈಮ್ ಇದ್ದರೆ ಎರಡು ಪ್ರಶ್ನೆ.

ಟೈಮ್ ಇರೋದೂ ಕಡಿಮೆ. ಒಂದೂರಿನ ಮ್ಯೂಸಿಯಂ ಕಾರ್ಯಕ್ರಮಕ್ಕೆ ಅಂತಲೇ ದೂರದಿಂದ ಬಸ್ಸು ಹಿಡಿದು ಹೋಗಿದ್ದೆ. ಪ್ರಾರ್ಥನೆ, ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು, ಪೇಟ, ಹಾರ, ಮುಖ್ಯ ಅತಿಥಿಗಳ ಭಾಷಣ. ಇತಿಹಾಸ ಓದಿಕೊಂಡು ಬಂದಿದ್ದ ಆ ಹೆಣ್ಣುಮಗಳಿಗೆ ಮೈಕ್ ಸಿಗುವ ಹೊತ್ತಿಗೆ ಊಟದ ವಾಸನೆ ಬರುತ್ತಿತ್ತು. ‘ಸ್ವಲ್ಪ ಬೇಗ ಮುಗಿಸಿ ಮೇಡಂ’ ಅಂತ ಚೀಟಿ ಹೋಯಿತು. ತಯಾರಿ ಮಾಡಿಕೊಂಡು ಬಂದಿದ್ದ ಹಾಳೆಗಳನ್ನು ಅವರು ಮೂರು ಮೂರಾಗಿ ತಿರುವಿಹಾಕುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಗೌರವ ಕೊಡೋದು ಬೇಡ ಅಂತ ನಾನು ಹೇಳ್ತಿಲ್ಲ. ಬಂದವರ ಮಾತನ್ನು ಪೂರ್ತಿ ಕೇಳುವುದಕ್ಕಿಂತ ದೊಡ್ಡ ಗೌರವ ಯಾವುದಿದೆ ಹೇಳಿ. ಆ ದಿನ ಸಭಾಂಗಣದ ಗೋಡೆಯ ಆಚೆಗೇ ಅವರು ಹೇಳಬೇಕಿದ್ದ ವಸ್ತುಗಳಿದ್ದವು. ಯಾರೂ ಎದ್ದು ಆ ಕಡೆ ಹೋಗಲಿಲ್ಲ.

ಬೇರೆ ಥರ ಮಾಡಬಹುದು ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರಾಮನಗರದ ಹತ್ತಿರ ಜಾನಪದ ಲೋಕವಿದೆ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಶುರು ಮಾಡಿ, 1994ರಲ್ಲಿ ಈ ಲೋಕವನ್ನು ಜನರಿಗೆ ತೆರೆದರು. ಐಎಎಸ್ ಅಧಿಕಾರಿಯಾಗಿದ್ದವರು ಹಳ್ಳಿ ಹಳ್ಳಿ ತಿರುಗಿ ಹಾಡು ಕಥೆಗಳನ್ನು ಧ್ವನಿಮುದ್ರಿಸಿಕೊಂಡರು, ಮನೆಗಳ ಅಟ್ಟದ ಮೇಲಿದ್ದ ವಸ್ತುಗಳನ್ನು ತಂದಿಟ್ಟರು. ಆ ಜಾಗದ ಜೀವಾಳ ಅಂದರೆ ನನಗೆ ಅಲ್ಲಿನ ‘ಲೋಕಸಿರಿ’. ಪ್ರತಿ ತಿಂಗಳ ಅತಿಥಿಯಾಗಿ ಒಬ್ಬ ಜನಪದ ಕಲಾವಿದರನ್ನು ಕರೆಸುತ್ತಾರೆ. ತಂಬೂರಿ ಪದ ಹಾಡುವವರೋ ತಮಟೆ ಬಾರಿಸುವವರೋ ಬಂದು ಕಲೆ ತೋರಿಸಿ, ತಮ್ಮ ಬದುಕಿನ ಕಥೆಯನ್ನು ತಾವೇ ಹೇಳುತ್ತಾರೆ. ಅವರ ಬಗ್ಗೆ ಇನ್ಯಾರೋ ಪ್ರಬಂಧ ಓದೋದಲ್ಲ, ಅವರದೇ ಬಾಯಿ, ಅವರದೇ ಮಾತು. ಆಷಾಢದ ಗಾಳಿಪಟ ಉತ್ಸವಕ್ಕೆ ಬಂದ ಮಕ್ಕಳು ಗಾಳಿಪಟ ಬಿಟ್ಟು ಹೋಗುವಾಗ ಒಳಗಿನ ಬೀಸುಕಲ್ಲು, ಒರಳು, ತೊಗಲು ಗೊಂಬೆ ಎಲ್ಲ ನೋಡಿಕೊಂಡೇ ಹೋಗ್ತಾರೆ.

ಅಲ್ಲಿನ ಲೋಕಮಾತಾ ಮಂದಿರದಲ್ಲಿ ಅಡುಗೆಮನೆಯ, ಅಳತೆಯ ಸಾಮಾನುಗಳಿವೆ. ಕೊಳಗ, ಬಳ್ಳ, ಸೇರು, ಪಾವು. ಅಂಥ ಅಳತೆಯ ಪಾತ್ರೆಗಳ ಮುಂದೆ ಒಮ್ಮೆ ನಮ್ಮತ್ತೆಯನ್ನು ನಿಲ್ಲಿಸಿ, ಇದರಲ್ಲಿ ಹೇಗೆ ಅಳೀತಿದ್ರಿ ಅಂತ ಕೇಳಿದೆ. ಅವರು ಕೈ ಆಡಿಸಿ ತೋರಿಸಿದರು. ರಾಶಿಗೆ ಕೊಳಗ ಅದ್ದಬೇಕು, ಮೇಲೆ ಗೋಪುರದ ಹಾಗೆ ನಿಲ್ಲಬೇಕು, ಅಲ್ಲಾಡಿಸಬಾರದು. ಸುರಿಯುವಾಗ ಮೊದಲನೆಯದಕ್ಕೆ ಒಂದು ಅನ್ನೋ ಹಾಗಿಲ್ಲ, ‘ಲಾಭ’ ಅನ್ನಬೇಕು. ಆಮೇಲೆ ಎರಡು, ಮೂರು. ಕಣದಲ್ಲಿ ಅವರ ತಾತ ಅಳೆಯುವಾಗ ಮನೆಯವರೆಲ್ಲ ಮಾತು ನಿಲ್ಲಿಸಿ ಲೆಕ್ಕ ಕೇಳುತ್ತಿದ್ದರಂತೆ. ಅಳೆದು ಮುಗಿದ ಮೇಲೆ ಊರಿನ ಕಮ್ಮಾರ, ಬಡಗಿ, ಕುಂಬಾರ, ಅಗಸ ಎಲ್ಲರ ಪಾಲಿನ ಕಾಳು ತೆಗೆದಿಟ್ಟೇ ಉಳಿದದ್ದು ಮನೆಗೆ. ಇದನ್ನೆಲ್ಲ ಕೇಳುತ್ತಾ ನಮ್ಮ ಪಕ್ಕಕ್ಕೆ ಇನ್ನೊಂದು ಸಂಸಾರ ಬಂದು ನಿಂತಿತು. ಅವರ ಕಡೆಯ ಅಜ್ಜಿ, ನಮ್ಮೂರಲ್ಲಿ ಏಳು ಅನ್ನೋದನ್ನೂ ಬಾಯಿಬಿಟ್ಟು ಹೇಳ್ತಿರಲಿಲ್ಲ ಕಣಮ್ಮ ಅಂದರು. ಇಬ್ಬರೂ ಅಲ್ಲೇ ನಿಂತು ಅರ್ಧ ಗಂಟೆ ಮಾತಾಡಿದರು. ಯಾರೂ ಏರ್ಪಡಿಸದ ಆ ಮಾತು ನಾನು ಕೇಳಿದ ಒಳ್ಳೆಯ ಉಪನ್ಯಾಸಗಳಲ್ಲಿ ಒಂದು.

ನನ್ನ ಆಸೆ ಇಷ್ಟೇ. ಮ್ಯೂಸಿಯಂನವರು ಇಂಥ ಮಾತಿಗೆ ಜಾಗ ಮಾಡಿಕೊಡಬೇಕು, ಮತ್ತು ಅದನ್ನು ಬರೆದಿಟ್ಟುಕೊಳ್ಳಬೇಕು. ವಸ್ತುವಿನ ಮುಂದೆಯೇ ನಾಲ್ಕು ಕುರ್ಚಿ ಹಾಕಿ. ವಯಸ್ಸಾದವರು ನಿಂತು ಎಷ್ಟು ಹೊತ್ತು ಮಾತಾಡ್ತಾರೆ? ತಿಳಿದವರೊಬ್ಬರು ಇಪ್ಪತ್ತು ನಿಮಿಷ ಹೇಳಲಿ. ಆಮೇಲಿನ ಒಂದು ಗಂಟೆ ಬಂದವರದು. ಒಬ್ಬರು ಪಕ್ಕದಲ್ಲಿ ಕೂತು ಬರೆದುಕೊಳ್ಳಲಿ. ವಸ್ತುವಿನ ದಾಖಲೆಯಲ್ಲಿ ಅದು ಎಲ್ಲಿ ಸಿಕ್ಕಿತು, ಉದ್ದಗಲ ಎಷ್ಟು ಅಂತ ಇರುತ್ತದಲ್ಲ, ಅದೇ ಕಡತಕ್ಕೆ ಈ ಮಾತೂ ಸೇರಲಿ. ಕೊಳಗದ ಪಕ್ಕದ ಫಲಕದಲ್ಲಿ ‘ಕೊಳಗ, ಅಳತೆಯ ಪಾತ್ರೆ’ ಅಂತಷ್ಟೇ ಇದ್ದರೆ ಸಾಲದು. ಮೊದಲ ಕೊಳಗಕ್ಕೆ ಲಾಭ ಅನ್ನುತ್ತಿದ್ದರು ಅನ್ನೋ ಒಂದು ಸಾಲು ಸೇರಿದರೆ ಮುಂದೆ ಓದುವ ಮಗುವಿಗೆ ಅದು ಬರೀ ಪಾತ್ರೆಯಾಗಿ ಉಳಿಯಲ್ಲ.

ಮಕ್ಕಳನ್ನು ಎಳೆದುಕೊಳ್ಳೋಕೆ ನನ್ನ ಅನುಭವದಲ್ಲಿ ಶಾಸನದ ಅಚ್ಚು ತೆಗೆಯೋದನ್ನು ತೋರಿಸುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ನಾನು ನೋಡಿದ್ದು ಊರೊಂದರ ಗುಡಿಯ ಹಿಂದೆ, ಶಾಸನ ಓದೋದನ್ನು ಕಲಿಸುವ ಶಿಬಿರದಲ್ಲಿ. ಮೊದಲು ಕಲ್ಲಿನ ಮೇಲಿನ ಎಣ್ಣೆ, ಕುಂಕುಮ, ಮಣ್ಣು ಎಲ್ಲ ಮೆತ್ತಗೆ ಉಜ್ಜಿ ತೊಳೆದರು. ಆಮೇಲೆ ದೊಡ್ಡ ಬಿಳಿ ಕಾಗದವನ್ನು ನೀರಲ್ಲಿ ಅದ್ದಿ ಕಲ್ಲಿಗೆ ಹಾಸಿದರು. ಗಟ್ಟಿ ಕೂದಲಿನ ಬ್ರಷ್ಷಿನಿಂದ ತಟ್ಟುತ್ತಾ ಹೋದರು. ಒಂದೇ ಸಮ ತಟ್ಟಬೇಕು. ಜೋರಾದರೆ ಹರಿಯುತ್ತೆ, ಹಗುರಾದರೆ ಅಕ್ಷರದ ಗುಳಿಗೆ ಕಾಗದ ಇಳಿಯಲ್ಲ. ಸ್ವಲ್ಪ ಆರಿದ ಮೇಲೆ ಬಟ್ಟೆಯ ಉಂಡೆಗೆ ಮಸಿ ಹಚ್ಚಿ ಮೇಲ್ಮೇಲೆ ಒತ್ತಿದರು. ಕಾಗದವೆಲ್ಲ ಕಪ್ಪಾಯಿತು, ಗುಳಿಯೊಳಗೆ ಇಳಿದಿದ್ದ ಅಕ್ಷರ ಮಾತ್ರ ಬೆಳ್ಳಗೆ ಉಳಿಯಿತು. ದಿನಾ ಆ ಕಲ್ಲಿನ ಮೇಲೆ ಕೂತು ಆಡುತ್ತಿದ್ದ ಹುಡುಗರು ‘ಕ’ ಕಂಡಿತು, ‘ಗ’ ಕಂಡಿತು ಅಂತ ಕೂಗೋಕೆ ಶುರು ಮಾಡಿದರು. ಆ ಕಲ್ಲನ್ನು ಇನ್ನು ಅವರು ಯಾರಿಗೂ ಮುಟ್ಟೋಕೆ ಬಿಡಲ್ಲ ಅನ್ನೋ ನಂಬಿಕೆ ನನಗೆ ಅಲ್ಲೇ ಬಂತು. ಮ್ಯೂಸಿಯಂ ಒಳಗಿನ ಕಲ್ಲಿಗೆ ಮಸಿ ಮುಟ್ಟಿಸುವುದು ಬೇಡ. ಮ್ಯೂಸಿಯಂನವರೇ ಊರಿಗೆ ಹೋಗಲಿ.

ಊರಿಗೆ ಹೋಗೋದು ಯಾಕೆ ಮುಖ್ಯ ಅಂದರೆ, ಎಲ್ಲ ಕಲ್ಲೂ ಮ್ಯೂಸಿಯಂಗೆ ಬರಲ್ಲ, ಬರಲೂ ಬಾರದು. ಬೆಂಗಳೂರಲ್ಲೇ ಹುಟ್ಟಿದ ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಶಾಸನಗಳನ್ನೆಲ್ಲ ಹುಡುಕಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಚ್ಚು ಮಾಡಿಸಿದರು. ಬೆಂಗಳೂರು ಜಿಲ್ಲೆಯ ಸಂಪುಟ ಬಂದದ್ದು 1905ರಲ್ಲಿ. ಅದರಲ್ಲಿರುವ ಎಷ್ಟೋ ಕಲ್ಲುಗಳು ಈಗ ಎಲ್ಲೂ ಇಲ್ಲ. ರಸ್ತೆ ಅಗಲವಾಯಿತು, ಲೇಔಟ್ ಬಂತು, ಪಾಯ ಹಾಕುವಾಗ ಕಲ್ಲು ಹೋಯಿತು. ಬೇಗೂರಿನ ನಾಗೇಶ್ವರ ಗುಡಿಯ ಕಲ್ಲು ಉಳಿದದ್ದರಿಂದಲೇ, ಸುಮಾರು ಕ್ರಿ.ಶ. 890ರಲ್ಲೇ ಬೆಂಗಳೂರು ಎಂಬ ಹೆಸರಿತ್ತು ಅಂತ ನಾವು ಇವತ್ತು ಹೇಳುತ್ತಿರುವುದು. ‘ಬೆಂಗಳೂರ ಕಾಳಗ’ದಲ್ಲಿ ಸತ್ತವನ ನೆನಪಿಗೆ ಅದು. ಕೆಂಪೇಗೌಡರು ಕೋಟೆ ಕಟ್ಟುವುದಕ್ಕಿಂತ ಆರು ನೂರಕ್ಕೂ ಹೆಚ್ಚು ವರ್ಷ ಹಿಂದಿನ ಮಾತು.

ಹೆಬ್ಬಾಳದ್ದು ಇನ್ನೂ ಖುಷಿಯ ಕಥೆ. 2018ರಲ್ಲಿ ಅಲ್ಲಿ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಕಿತ್ತಯ್ಯ ಎಂಬ ವೀರ ಊರಿನ ಮೇಲೆ ಬಂದವರನ್ನು ಎದುರಿಸಿ ಸತ್ತದ್ದನ್ನು ಹೇಳುತ್ತದೆ. ಬೆಂಗಳೂರಿನಲ್ಲಿ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಅದಕ್ಕಿಂತ ಹಳೆಯದು ಗೊತ್ತಿಲ್ಲ. ಶಾಸನಗಳ ಬಗ್ಗೆ ಕಾಳಜಿಯಿದ್ದ ಉತ್ಸಾಹಿಗಳು, ಊರಿನವರು ಸೇರಿ ಅದನ್ನು ಅಲ್ಲೇ ಉಳಿಸಿಕೊಂಡು ಮಂಟಪ ಕಟ್ಟಿದರು. ಆ ಕಲ್ಲಿನಲ್ಲಿ ಏನು ಬರೆದಿದೆ ಅಂತ ಊರಿನವರಿಗೆ ಕೂತು ಹೇಳಿದವರು ಇದ್ದರು, ಅದಕ್ಕೇ ಅದು ಅವರ ಕಲ್ಲಾಯಿತು. ‘ಕಿತ್ತಯ್ಯ ನಮ್ಮೋನು’ ಅನ್ನೋ ಭಾವನೆ ಬೇಲಿ ಹಾಕಿದರೆ ಬರಲ್ಲ, ಬೋರ್ಡ್ ಹಾಕಿದರೂ ಬರಲ್ಲ.

ಅದೇ ಲೆಕ್ಕದಲ್ಲಿ ಆತಕೂರಿನಲ್ಲೂ ಒಂದು ಸಂಜೆ ಸಭೆ ನಡೀಬೇಕು ಅಂತ ನನಗೆ ತುಂಬಾ ಆಸೆ. ಕಲ್ಲಿನ ದೊಡ್ಡ ಫೋಟೋ ಒಂದನ್ನು ಅರಳಿಕಟ್ಟೆಯಲ್ಲಿ ನಿಲ್ಲಿಸಿ, ಶಾಸನವನ್ನು ಓದಿ ಹೇಳಿ, ಆಮೇಲೆ ಊರಿನವರನ್ನೇ ಕೇಳಬೇಕು. ಶಾಸನ ಹೇಳುವ ದೊಡ್ಡ ಕೆರೆ ಯಾವುದು? ಅದರ ಕೆಳಗಿನ ಗದ್ದೆಗಳಿಗೆ ಏನೇನು ಹೆಸರಿವೆ? ಹಂದಿ ಬೇಟೆಗೆ ಹೋಗುತ್ತಿದ್ದವರ ಮನೆಗಳಲ್ಲಿ ಯಾವ ಕಥೆ ಉಳಿದಿದೆ? ಗದ್ದೆಯ ಹೆಸರುಗಳು ನೂರಾರು ವರ್ಷ ಬದಲಾಗದೆ ಉಳಿಯುತ್ತವೆ. ಅವನ್ನು ಹೇಳಬಲ್ಲವರು ನೀರು ಕಟ್ಟುವವರು, ಉಳುವವರು. ಪುಸ್ತಕದಲ್ಲಿ ಸಿಗಲ್ಲ.

ಇನ್ನೆರಡು ಸಣ್ಣ ಮಾತು, ಸಣ್ಣವು ಅಂತ ಬಿಡುವಂಥದ್ದಲ್ಲ. ಮ್ಯೂಸಿಯಂ ಕಾರ್ಯಕ್ರಮಗಳು ಏಪ್ರಿಲ್ 18ರ ವಿಶ್ವ ಪರಂಪರೆ ದಿನ, ಮೇ 18ರ ಅಂತರರಾಷ್ಟ್ರೀಯ ಮ್ಯೂಸಿಯಂ ದಿನ, ನವೆಂಬರ್ 19ರಿಂದ 25ರ ಪರಂಪರೆ ಸಪ್ತಾಹ ಅಂತ ಆ ದಿನಗಳಿಗೇ ಗುಡ್ಡೆ ಬೀಳುತ್ತವೆ. ಜನಕ್ಕೆ ಅಭ್ಯಾಸ ಆಗೋದು ತಿಂಗಳಿಗೊಮ್ಮೆ, ಇಂಥದೇ ವಾರ, ಇಷ್ಟೇ ಹೊತ್ತಿಗೆ ಅಂತ ಇದ್ದಾಗ. ಶನಿವಾರದ ಸಂತೆ ಯಾರಾದರೂ ಕರೆಯೋಲೆ ಕೊಟ್ಟರೆ ನಡೆಯುತ್ತದಾ? ಮತ್ತೆ ಕೆಲಸಕ್ಕೆ ಹೋಗುವವರು ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಹೇಗೆ ಬರ್ತಾರೆ? ಭಾನುವಾರವೋ ಸಂಜೆಯೋ ಇಡಿ.

ಇನ್ನೊಂದು, ಕನ್ನಡ. ಬೆಂಗಳೂರಲ್ಲಿ ಮ್ಯೂಸಿಯಂಗಳ ಕಾರ್ಯಕ್ರಮ ಮೊದಲಿಗಿಂತ ಜಾಸ್ತಿಯಾಗಿವೆ, ಒಳ್ಳೆಯ ಮಾತುಗಳೂ ಇರುತ್ತವೆ. ಆದರೆ ಬಹಳಷ್ಟು ಇಂಗ್ಲಿಷಿನಲ್ಲೇ. ಅಂಥ ಸಭೆಯಲ್ಲಿ ಪಂಚೆಯುಟ್ಟ ಆ ಹಿರಿಯರು ಬಾಯಿಬಿಡುತ್ತಿರಲಿಲ್ಲ, ಅಲ್ವಾ? ಕಂಡುಗದ ಲೆಕ್ಕ ಅವರ ಹತ್ತಿರವೇ ಉಳಿದುಬಿಡುತ್ತಿತ್ತು.

ಮ್ಯೂಸಿಯಂನವರು ಮಾಡುವ ತನಕ ನಾವು ಕಾಯಬೇಕಿಲ್ಲ. ಮುಂದಿನ ಸಲ ಇಂಥ ಮಾತಿಗೆ ಹೋಗುವಾಗ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಹೋಗುವ ಮುಂಚೆ ಮಾತ್ರೆ, ನೀರಿನ ಬಾಟಲಿ ಇಟ್ಟುಕೊಳ್ಳಿ, ಒಂದೇ ಕೋಣೆ ನೋಡಿದರೂ ಸಾಕು ಅಂದುಕೊಳ್ಳಿ. ವಸ್ತುವಿನ ಮುಂದೆ ನಿಲ್ಲಿಸಿ ‘ಇದೇನು’ ಅಂತ ಕೇಳಬೇಡಿ, ‘ಇದನ್ನ ಹೇಗೆ ಹಿಡೀತಿದ್ರಿ’ ಅಂತ ಕೇಳಿ. ಕೈ ಆಡಿಸೋಕೆ ಶುರು ಮಾಡಿದರೆ ಮಾತು ತಾನಾಗಿ ಬರುತ್ತದೆ. ಅವರನ್ನು ಕೇಳಿಕೊಂಡೇ ಫೋನಿನಲ್ಲಿ ರೆಕಾರ್ಡ್ ಮಾಡಿ. ಶುರುವಿನಲ್ಲಿ ಅವರ ಹೆಸರು, ಊರು, ವಯಸ್ಸು, ಆ ದಿನದ ತಾರೀಕು, ವಸ್ತುವಿನ ಮೇಲೆ ನಂಬರ್ ಇದ್ದರೆ ಅದನ್ನೂ ಹೇಳಿಸಿ. ಅವರು ಒಪ್ಪಿದರೆ ಒಂದು ಪ್ರತಿ ಮ್ಯೂಸಿಯಂನ ಕಚೇರಿಗೆ ಕೊಟ್ಟು ಬನ್ನಿ. ಇನ್ನೊಂದು ಪ್ರತಿ ಮನೆಯಲ್ಲಿ ಇರಲಿ.